ಸಂಪಾದಕರ ಉತ್ತರ: ತಂತಿ ನಮ್ಮ ಹೊಲದ ಮೇಲೆ, ಕರೆಂಟ್ ಯಾರಿಗೆ?

ಮಧುಗಿರಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಪಾವಗಡದ ಸೋಲಾರ್ ಕರೆಂಟ್ ನಮ್ಮ ಹೊಲದ ಮೇಲೇ ಹಾದು ಹೋಗುತ್ತದೆ. ಆದರೂ ಬೋರ್‌ವೆಲ್‌ಗೆ ತ್ರೀಫೇಸ್ ಸಿಗುವುದು ಏಳೇ ಗಂಟೆ, ಅದರಲ್ಲೂ ಅರ್ಧ ರಾತ್ರಿ ಹೊತ್ತು. ಬಿಸಿಲಿನ ಕರೆಂಟ್ ಅಗ್ಗ ಅಂದ ಮೇಲೆ ರಾಯಚೂರಿನಲ್ಲಿ ಕಲ್ಲಿದ್ದಲು ಯಾಕೆ ಸುಡಬೇಕು?"

ಪ್ರಿಯ ಓದುಗರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಪಾವಗಡದ ಐದು ಹಳ್ಳಿಗಳ ರೈತರು ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿ 2,050 ಮೆಗಾವಾಟ್ ಪಾರ್ಕ್ ಎದ್ದಿದೆ. ಪಕ್ಕದ ತಾಲ್ಲೂಕಿನವರು ಕತ್ತಲಲ್ಲಿ ಹಾವು ಚೇಳಿನ ಭಯದಲ್ಲಿ ನೀರು ಹಾಯಿಸುತ್ತಿದ್ದರೆ ಹೊಟ್ಟೆ ಉರಿಯುವುದು ಸಹಜ ಅಲ್ವಾ?

ತಂತಿಯ ವಿಷಯ ಬೇಗ ಮುಗಿಸುತ್ತೇನೆ. ಪಾವಗಡದ ಕರೆಂಟ್ ಹೊರಡುವುದು 400 ಕಿಲೋವೋಲ್ಟ್ ಲೈನಿನಲ್ಲಿ. ಅದು 220, 66, 11 ಎಂದು ಹಂತ ಹಂತವಾಗಿ ಇಳಿದು, ಕೊನೆಗೆ ನಿಮ್ಮ ಹೊಲದ ಹತ್ತಿರದ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) 415 ವೋಲ್ಟ್ ಆದ ಮೇಲೇ ಮೋಟಾರಿಗೆ ಬರಬೇಕು. ನಡುವೆ ಎಲ್ಲಿ ಸಾಮರ್ಥ್ಯ ಕಡಿಮೆಯೋ ಅಲ್ಲಿಗೆ ನಿಮ್ಮ ಪಾಲೂ ನಿಂತುಹೋಗುತ್ತದೆ.

ಕಲ್ಲಿದ್ದಲಿನ ಪ್ರಶ್ನೆ ಇನ್ನೂ ದೊಡ್ಡದು. ರಾಜ್ಯದ ಕರೆಂಟ್ ಹಂಚಿಕೆ ನೋಡಿಕೊಳ್ಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್‌ನಲ್ಲಿ ದಿನವನ್ನು 15 ನಿಮಿಷದ 96 ಭಾಗ ಮಾಡಿ, ಪ್ರತಿ ಭಾಗಕ್ಕೂ ಯಾರಿಂದ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಯಾರ ಯೂನಿಟ್ ಅಗ್ಗವೋ ಅವರದ್ದು ಮೊದಲು, ದುಬಾರಿಯದ್ದು ಕೊನೆಗೆ. ಮಧ್ಯಾಹ್ನದ ಮಟ್ಟಿಗೆ ನೀವು ಹೇಳಿದ್ದೇ ಸರಿ, ಸೋಲಾರ್ ಮೊದಲು. ಆದರೆ ಸಂಜೆ ಆರೂವರೆ ಹೊತ್ತಿಗೆ ಪಾವಗಡ ಹೆಚ್ಚುಕಡಿಮೆ ಸೊನ್ನೆ. ಅದೇ ಹೊತ್ತಿಗೆ ಊರೆಲ್ಲ ದೀಪ ಹತ್ತುತ್ತದೆ. ತಣ್ಣಗಾದ ಕಲ್ಲಿದ್ದಲು ಘಟಕವನ್ನು ಮತ್ತೆ ಶುರು ಮಾಡಲು ಹಲವು ಗಂಟೆ ಬೇಕು. ಹಾಗಾಗಿ ಮಧ್ಯಾಹ್ನ ಅದನ್ನು ನಿಲ್ಲಿಸುವುದಿಲ್ಲ, ಅರ್ಧದಷ್ಟಕ್ಕೆ ಇಳಿಸಿ ಓಡಿಸುತ್ತಾರೆ. ಆ ಹೊತ್ತಿನ ಲೆಕ್ಕಕ್ಕೆ ನಷ್ಟ ಕಾಣುತ್ತದೆ, ಇಡೀ ದಿನದ ಲೆಕ್ಕಕ್ಕೆ ಲಾಭ.

ಶರಾವತಿ ನೋಡಿ. 1,035 ಮೆಗಾವಾಟ್ ಜಲವಿದ್ಯುತ್, ಕೆಲವೇ ನಿಮಿಷದಲ್ಲಿ ಏರುತ್ತದೆ. ನೀರಿಗೆ ಸೌದೆಯ ಖರ್ಚಿಲ್ಲ. ಹಾಗಂತ ಅಗ್ಗ ಎಂದು ಹಗಲೆಲ್ಲ ಓಡಿಸಿದರೆ, ಮೇ ತಿಂಗಳ ಸಂಜೆಗಳಿಗೆ ಲಿಂಗನಮಕ್ಕಿಯಲ್ಲಿ ನೀರಿರುವುದಿಲ್ಲ. ಇವತ್ತು ಉಳಿಸಿದ ನೀರಿನ ಬೆಲೆ ಎಂದರೆ ಆವತ್ತು ಕೊಳ್ಳಬೇಕಾಗಿದ್ದ ದುಬಾರಿ ಕರೆಂಟಿನ ಬೆಲೆ. ಈ ಇಡೀ ವಿದ್ಯೆಯಲ್ಲಿ ನನಗೆ ಅತಿ ಸೊಗಸಾಗಿ ಕಾಣುವ ಲೆಕ್ಕ ಇದೇ.

ಅಗ್ಗ ಒಂದೇ ಸಾಲದು, ಕರೆಂಟ್ ನಂಬುವಂತೆಯೂ ಇರಬೇಕು. ಇದಕ್ಕೆ ಕೋಲಾರದ ಉದಾಹರಣೆ ಕೊಡುತ್ತೇನೆ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ 2003ರಿಂದ ಡಿಸಿ ಲೈನ್ (ಕರೆಂಟ್ ಒಂದೇ ದಿಕ್ಕಿಗೆ ಹರಿಯುವ ಲೈನ್) ಇದೆ. 1,300 ಕಿಲೋಮೀಟರಿಗೂ ಹೆಚ್ಚು ಉದ್ದ, ಸಾಮರ್ಥ್ಯ 2,500 ಮೆಗಾವಾಟ್, ಎರಡು ಪೋಲ್. ಪೋಲ್ ಎಂದರೆ ಕಂಬವಲ್ಲ, ಪ್ಲಸ್ ಮತ್ತು ಮೈನಸ್ ಎಂಬ ಎರಡು ದಾರಿ. ನಮ್ಮ ಮಾಮೂಲಿ ಎಸಿ ಲೈನುಗಳಲ್ಲಿ ಕರೆಂಟ್ ತನಗೆ ಸಲೀಸಾದ ಕಡೆ ಹಂಚಿಕೊಂಡು ಹರಿಯುತ್ತದೆ. ಡಿಸಿಯಲ್ಲಿ ಹಾಗಲ್ಲ, ಇಷ್ಟೇ ಕಳಿಸು ಎಂದರೆ ಅಷ್ಟೇ ಬರುತ್ತದೆ. ಆದರೆ ತುಂಬಿ ಹರಿಯುವಾಗ ಒಂದು ಪೋಲ್ ಕೈಕೊಟ್ಟರೆ ಸಾವಿರ ಮೆಗಾವಾಟಿನಷ್ಟು ಕ್ಷಣದಲ್ಲಿ ಮಾಯ. ಆ ಹೊರೆ ಬೇರೆ ಲೈನುಗಳ ಮೇಲೆ ಬೀಳುತ್ತದೆ. ಅದಕ್ಕೇ ಯಾವ ಒಂದು ಲೈನ್ ಹೋದರೂ ಉಳಿದವು ತಡೆಯುವಂತೆ ಎಲ್ಲದರಲ್ಲೂ ಜಾಗ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಸುಮ್ನೆ ಬಿಟ್ಟದ್ದಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದದ್ದು ಮಿತಿಮೀರಿ ತುಂಬಿದ್ದ ಲೈನುಗಳಿಂದ. ಶುರುವಾದದ್ದು ಬೀನಾ–ಗ್ವಾಲಿಯರ್ ಲೈನಿನಿಂದ. ಆಗ ದಕ್ಷಿಣದ ಜಾಲ ಬೇರೆಯಿತ್ತು, ಬಚಾವಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಾವೂ ಅದೇ ಜಾಲ ಸೇರಿದ್ದೇವೆ.

ಇನ್ನು ನಿಮ್ಮ ರಾತ್ರಿಯ ತ್ರೀಫೇಸ್. ರಾತ್ರಿ ಹೊತ್ತು ಕೊಡುವುದನ್ನು ನಾನೂ ಒಪ್ಪುವುದಿಲ್ಲ. ಮಿಕ್ಸಿ, ದೀಪಕ್ಕೆ ಹೊತ್ತು ಮುಖ್ಯ. ಪಂಪಿಗೆ ಅಲ್ಲ. ಸೋಲಾರ್ ಉಕ್ಕುವ ಹಗಲಿಗೆ ಪಂಪುಗಳನ್ನು ತಂದಷ್ಟೂ ರಾತ್ರಿಯ ಕಲ್ಲಿದ್ದಲು ಉಳಿಯುತ್ತದೆ, ರೈತನ ಜೀವವೂ ಉಳಿಯುತ್ತದೆ. ತೊಡಕು ಇರುವುದು ಸಬ್‌ಸ್ಟೇಷನ್‌ನಲ್ಲಿ. ಎಲ್ಲರ ಪಂಪೂ ಹಗಲಿಗೇ ಬಂದರೆ ಅಲ್ಲಿನ ಟ್ರಾನ್ಸ್‌ಫಾರ್ಮರ್ ಮತ್ತು 11 ಕಿಲೋವೋಲ್ಟ್ ಫೀಡರ್ (ಅಲ್ಲಿಂದ ಊರುಗಳಿಗೆ ಕರೆಂಟ್ ಒಯ್ಯುವ ಲೈನ್) ಆ ಹೊರೆ ತಾಳಬೇಕು. ದುಡ್ಡು ಹಾಕಬೇಕಾದ್ದು ಅಲ್ಲಿ.

ನಮ್ಮ ಕಡೆಯಿಂದಲೂ ಎರಡು ಕೆಲಸ ಇವೆ. ಮೋಟಾರ್ ಶುರುವಾಗುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳು ಕರೆಂಟ್ ಬಂದ ಕೂಡಲೇ ಒಟ್ಟಿಗೆ ಎದ್ದರೆ ಫೀಡರ್ ಟ್ರಿಪ್ ಆಗುತ್ತದೆ, ಟಿಸಿಯೂ ಸುಡಬಹುದು. ಒಬ್ಬೊಬ್ಬರು ಒಂದೆರಡು ನಿಮಿಷ ಹಿಂದೆ ಮುಂದೆ ಇಟ್ಟುಕೊಳ್ಳಿ. ಕೆಪಾಸಿಟರ್ ಹಾಕಿಸಿ, ಮೋಟಾರು ಲೈನಿನಿಂದ ಎಳೆಯುವ ಕರೆಂಟ್ ತಗ್ಗುತ್ತದೆ. ಲೈನಿನಲ್ಲಿ ಕರೆಂಟ್ ಐದರಲ್ಲಿ ಒಂದು ಪಾಲು ತಗ್ಗಿದರೆ, ತಂತಿ ಬಿಸಿಯಾಗಿ ಹೋಗುವ ನಷ್ಟ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತಗ್ಗುತ್ತದೆ.

ಗಂಟೆ ಜಾಸ್ತಿ ಮಾಡಿ ಎನ್ನುವ ಮೊದಲು, ಏಳು ಗಂಟೆಯನ್ನೂ ಹಗಲಲ್ಲೇ ಕೊಡಿ, ಟ್ರಾನ್ಸ್‌ಫಾರ್ಮರ್ ಸಾಲದಿದ್ದರೆ ದೊಡ್ಡದು ಹಾಕಿ ಎಂದು ಊರಿನವರೆಲ್ಲ ಸೇರಿ ವಿದ್ಯುತ್ ಕಂಪನಿಗೆ ಬರೆದುಕೊಡಿ. ದರ ಪರಿಷ್ಕರಣೆಗೆ ಮೊದಲು ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತದೆ. ಅದೇ ಅರ್ಜಿಯ ಒಂದು ಪ್ರತಿ ಅಲ್ಲಿಗೂ ಹೋಗಲಿ. ನಮಗೂ ಒಂದು ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ