ಡಿಸ್ಕಸ್‌ಗೆ ಎತ್ತರದ ಟ್ಯಾಂಕ್ ಬೇಡ, ಉದ್ದದ್ದು ತನ್ನಿ

ಡಿಸ್ಕಸ್ ತಟ್ಟೆಯ ಹಾಗೆ ಎತ್ತರವಾಗಿರುವ ಮೀನು, ಹಾಗಾಗಿ ಆರು ಮೂಲೆಯ ಎತ್ತರದ ಟ್ಯಾಂಕೇ ಸರಿಯಲ್ಲವೇ, 175 ಲೀಟರಿಗೆ ನಾಲ್ಕು ಬಿಡಬಹುದೇ ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಇದೇ ಅಳತೆಯದ್ದನ್ನು ತಂದಿದ್ದೆ: ಒಂದೊಂದು ಬದಿ 30 ಸೆಂ.ಮೀ., ಎತ್ತರ 75 ಸೆಂ.ಮೀ. ಬೆಳೆದ ಮೀನೊಂದಕ್ಕೆ 40 ಲೀಟರ್ ಎಂಬ ರೂಢಿಯ ಲೆಕ್ಕದಲ್ಲಿ ನಾಲ್ಕು ಮೀನು ಸರಿಹೋಗುತ್ತವೆ. ಎಂಟು ತಿಂಗಳಿಗೆ ಎರಡು ಉಳಿದವು.

ಮುಖ್ಯ ತಪ್ಪು ಒಂದೇ. ನೀರನ್ನು ಲೀಟರಿನಲ್ಲಿ ಅಳೆದೆ, ತಳದ ವಿಸ್ತೀರ್ಣ ಅಳೆಯಲಿಲ್ಲ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಉಳಿದ ತೊಂದರೆಗಳೆಲ್ಲ ಇದರಿಂದಲೇ ಹುಟ್ಟಿದವು.

ಆ ಟ್ಯಾಂಕಿನ ನೀರಿನ ಮೇಲ್ಮೈ ಸುಮಾರು 2,340 ಚದರ ಸೆಂ.ಮೀ. ಅದೇ 175 ಲೀಟರನ್ನು 90×45 ಸೆಂ.ಮೀ. ತಳದ ಆಯತದ ಟ್ಯಾಂಕಿಗೆ ಸುರಿದರೆ ನೀರು 43 ಸೆಂ.ಮೀ. ನಿಲ್ಲುತ್ತದೆ, ಮೇಲ್ಮೈ 4,050 ಚದರ ಸೆಂ.ಮೀ. ಆಗುತ್ತದೆ. ಆಮ್ಲಜನಕ ನೀರಿಗಿಳಿಯುವುದು ಈ ಮೇಲ್ಮೈಯಿಂದ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೆಚ್ಚಗಿನ ನೀರು ಬೇಕು, ಬಿಸಿಯಾದಷ್ಟೂ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿ.ಗ್ರಾಂ., 30ರಲ್ಲಿ 7.6. ಮೊದಲೇ ಕಡಿಮೆ ಇರುವ ಕಡೆ ಬಾಗಿಲನ್ನೂ ಕಿರಿದು ಮಾಡಿದ ಹಾಗಾಯಿತು.

75 ಸೆಂ.ಮೀ. ಆಳದಲ್ಲಿ ಬಿಸಿನೀರು ಮೇಲೆ ಸೇರಿ ತಳ ತಣ್ಣಗಾಗುತ್ತದೆ. ಎರಡನ್ನೂ ಬೆರೆಸಲು ಫಿಲ್ಟರಿನ ವೇಗ ಏರಿಸಿದರೆ ಕಿರಿದಾದ ಜಾಗದಲ್ಲಿ ನೀರು ಸುಳಿಯಾಗಿ ತಿರುಗುತ್ತದೆ. ಡಿಸ್ಕಸ್ ನಿಧಾನ ನೀರಿನ ಮೀನು. ಅಗಲವಾದ ಮೈಗೆ ಸೆಳೆತ ಬಡಿದರೆ ದಿನವಿಡೀ ಈಜಿ ದಣಿಯುತ್ತದೆ. ವೇಗ ಇಳಿಸಿದರೆ ತಳದಲ್ಲಿ ಕೊಳಕು ಕೂರುತ್ತದೆ. ಕೊಳಕು ಹೀರಿ ತೆಗೆಯುವ ಸೈಫನ್ ಕೊಳವೆ ಹಾಕೋಣವೆಂದರೆ ಕೈ ತಳ ಮುಟ್ಟುವುದಿಲ್ಲ, ಮೂಲೆಗಳಲ್ಲಿ ತಿಂಡಿ ಕೊಳೆಯುತ್ತದೆ.

ಇದೆಲ್ಲಕ್ಕಿಂತ ಕೆಟ್ಟದ್ದು ಜಗಳ. ಡಿಸ್ಕಸ್ ಗುಂಪಿನಲ್ಲಿ ಯಜಮಾನಿಕೆ ನಡೆಯುತ್ತದೆ, ದೊಡ್ಡದು ಚಿಕ್ಕದನ್ನು ಅಟ್ಟುತ್ತದೆ. ಉದ್ದದ ಟ್ಯಾಂಕಿನಲ್ಲಿ ಅಟ್ಟಿಸಿಕೊಂಡದ್ದು ಓಡಿ ಮರೆಯಾದರೆ ಜಗಳ ಮುಗಿಯಿತು. ಆರು ಮೂಲೆಯದರಲ್ಲಿ ಎದುರುಬದುರು ಮೂಲೆಗಳ ನಡುವೆ ಇರುವುದೇ 60 ಸೆಂ.ಮೀ., ಅಂದರೆ 15 ಸೆಂ.ಮೀ. ಮೀನಿಗೆ ನಾಲ್ಕು ಮೈಯಳತೆ. ತಿಂಡಿಯೂ ಒಂದೇ ಕಡೆ ಬೀಳುತ್ತದೆ, ಯಜಮಾನ ಅಲ್ಲೇ ಕಾವಲು ನಿಲ್ಲುತ್ತಾನೆ. ಸೋತ ಮೀನು ಕಪ್ಪಾಗಿ ಮೂಲೆ ಹಿಡಿಯಿತು, ತಿಂಡಿ ಬಿಟ್ಟಿತು, ಬಿಳಿ ದಾರದಂಥ ಹಿಕ್ಕೆ ಹಾಕತೊಡಗಿತು. ಒಂದು ಸತ್ತ ಮೇಲೆ ಯಜಮಾನನ ಕಣ್ಣು ಮುಂದಿನದರ ಮೇಲೆ ಬಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಬೆಳೆದ ಡಿಸ್ಕಸ್ ರೆಕ್ಕೆ ಸೇರಿ 20 ಸೆಂ.ಮೀ. ಹತ್ತಿರ ಎತ್ತರ ಬರುತ್ತದೆ. ಅದಕ್ಕೆ 45 ಸೆಂ.ಮೀ. ನೀರು ಧಾರಾಳ. 40ಕ್ಕಿಂತ ಕಡಿಮೆ ಬೇಡ, 60ಕ್ಕಿಂತ ಹೆಚ್ಚಾದರೆ ತೊಳೆಯುವ ಕಷ್ಟ ನಿಮಗೆ, ಲಾಭ ಮೀನಿಗೇನೂ ಇಲ್ಲ. ನಾಲ್ಕು ಮೀನೆಂಬ ಸಂಖ್ಯೆಯೂ ತಪ್ಪು. ಆರಾದರೂ ಇದ್ದರೆ ಏಟು ಹಂಚಿಹೋಗುತ್ತದೆ, ಒಂದೇ ಮೀನಿನ ಮೇಲೆ ಬೀಳುವುದಿಲ್ಲ.

ಆರಕ್ಕೆ 120×45×50 ಸೆಂ.ಮೀ., ಅಂದರೆ ನಾಲ್ಕಡಿ ಟ್ಯಾಂಕ್ ತನ್ನಿ. ಅಂಚಿನಿಂದ 5 ಸೆಂ.ಮೀ. ಬಿಟ್ಟು ತುಂಬಿದರೆ 243 ಲೀಟರ್; ತಳಕ್ಕೆ ಏನೂ ಹಾಕದಿದ್ದರೆ ಅಥವಾ ಬೆರಳು ದಪ್ಪದಷ್ಟು ಮರಳು ಮಾತ್ರ ಹರಡಿದರೆ ಲೆಕ್ಕ ಕೂಡುತ್ತದೆ. ದೊಡ್ಡ ಮರದ ತುಂಡು, ಕಲ್ಲು ಇಟ್ಟರೆ ಅಷ್ಟು ನೀರು ಹೋಯಿತೆಂದೇ ಲೆಕ್ಕ. ಜಾಗವಿದ್ದರೆ ಎತ್ತರ ಹೆಚ್ಚಿಸಬೇಡಿ, ಅಗಲವನ್ನು 60ಕ್ಕೆ ಒಯ್ಯಿರಿ. ಮೀನು ಸಲೀಸಾಗಿ ತಿರುಗುತ್ತದೆ. ಹತ್ತು ಹನ್ನೆರಡು ಸಾಕುವ ಆಸೆಯಿದ್ದರೆ 150×60×60.

ಗಾಜು 50 ಸೆಂ.ಮೀ. ಎತ್ತರಕ್ಕೆ 10 ಮಿ.ಮೀ., ಮೇಲಂಚಿಗೆ ಅಡ್ಡಪಟ್ಟಿ ಇರಲಿ. 60ಕ್ಕೆ 12 ಮಿ.ಮೀ. ನಾಲ್ಕಡಿಯದರ ಗಾಜೇ 55 ಕೆ.ಜಿ. ಹತ್ತಿರ, ನೀರು ಸೇರಿ 300 ಕೆ.ಜಿ. ಸುಲಭವಾಗಿ ಆಗುತ್ತದೆ. ಸಾಮಾನ್ಯ ಮೇಜಿನ ಮೇಲೆ ಇಡಬೇಡಿ.

300 ವಾಟಿನ ಒಂದು ಹೀಟರ್ ಬದಲು 150ರ ಎರಡನ್ನು ಎರಡು ತುದಿಗೆ ಹಾಕಿ. ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಆನ್ ಆಗಿಯೇ ಸಿಕ್ಕಿಕೊಂಡರೆ ಒಂದೇ ದೊಡ್ಡ ಹೀಟರ್ ಮೀನನ್ನು ಬೇಯಿಸುತ್ತದೆ, 150ರದ್ದು ಅಷ್ಟು ಬೇಗ ಬಿಸಿ ಏರಿಸಲಾರದು. ಒಂದು ಕೆಟ್ಟು ನಿಂತರೆ ಇನ್ನೊಂದು ಸ್ವಲ್ಪವಾದರೂ ಕಾಯುತ್ತದೆ. ಫಿಲ್ಟರ್ ಗಂಟೆಗೆ 1,000ದಿಂದ 1,200 ಲೀಟರಿನದು ಸಾಕು. ನೀರು ಹೊರಬೀಳುವ ಬಾಯಿಯನ್ನು ಒಂದು ತುದಿಯಲ್ಲಿ ಗಾಜಿನ ಕಡೆಗೆ ತಿರುಗಿಸಿ, ಆಗ ಇನ್ನರ್ಧ ಟ್ಯಾಂಕ್ ಶಾಂತವಾಗಿರುತ್ತದೆ. ಎತ್ತರದ ಟ್ಯಾಂಕಿನಲ್ಲಿ ಇದು ಸಾಧ್ಯವೇ ಇಲ್ಲ. ಹಿಂಬದಿ, ಎರಡು ಪಕ್ಕ ಮುಚ್ಚಿದರೆ ಮೀನು ಬೇಗ ಹೆದರಿಕೆ ಬಿಡುತ್ತದೆ.

ಮುಂದೆ ಉಬ್ಬಿದ ಗಾಜಿನ ಟ್ಯಾಂಕಿನ ತಳ ಸಾಕಷ್ಟಿದ್ದರೆ ಮೀನಿಗೆ ಅಡ್ಡಿಯಿಲ್ಲ, ನೋಡುವವರಿಗೆ ಆಕಾರ ವಕ್ರ ಕಾಣುತ್ತದೆ. ಚೌಕದ್ದು ಗುಂಪಿಗೆ ಬೇಡ. ಆದರೆ ಮರಿ ಮಾಡಿಸಲು 45 ಸೆಂ.ಮೀ. ಚೌಕ, ಖಾಲಿ ತಳ, ಸ್ಪಾಂಜ್ ಫಿಲ್ಟರ್ ಬಹಳ ಒಳ್ಳೆಯದು. ಮರಿಗಳು ತಾಯ್ತಂದೆಯ ಮೈಯ ಲೋಳೆ ತಿಂದು ಬದುಕುತ್ತವೆ, ಜಾಗ ದೊಡ್ಡದಾದರೆ ಅವರನ್ನು ಹುಡುಕಲಾರದೆ ಸಾಯುತ್ತವೆ.

ಚಿಕ್ಕ ಮರಿ ತಂದು, ಟ್ಯಾಂಕ್ ಆಮೇಲೆ ಬದಲಿಸೋಣ ಎನ್ನಬೇಡಿ. ಇಕ್ಕಟ್ಟಿನಲ್ಲಿ, ಹಳಸಿದ ನೀರಿನಲ್ಲಿ ಬೆಳೆದ ಮರಿಯ ಮೈ ದುಂಡಗಾಗದೆ ಉದ್ದವಾಗುತ್ತದೆ, ಮೈಯ ಅಳತೆಗೆ ಕಣ್ಣು ತೀರಾ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಎಷ್ಟು ದೊಡ್ಡ ಟ್ಯಾಂಕಿಗೆ ಹಾಕಿದರೂ ಅದು ಸರಿಹೋಗುವುದಿಲ್ಲ.

ಆರು ಮೂಲೆಯದನ್ನು ಈಗಾಗಲೇ ತಂದಿದ್ದರೆ ಗಪ್ಪಿ ಎಂಬ ಪುಟ್ಟ ಮೀನುಗಳಿಗೆ ಬಿಟ್ಟುಕೊಡಿ. ನಾಲ್ಕಡಿಯದು ಬಂದ ದಿನ ಅರ್ಧ ನೀರು ತುಂಬಿ, ಮೇಲಂಚಿನಿಂದ ನೀರಿನ ಮಟ್ಟದವರೆಗೆ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಅಳತೆ ಒಂದೇ ಬರದಿದ್ದರೆ ನೀರು ತೆಗೆದು ಸ್ಟ್ಯಾಂಡ್ ಸರಿಮಾಡಿ, ಮತ್ತೆ ತುಂಬಿ.