ತೆನೆ ಹಬ್ಬದ ಊಟ ಬಿಟ್ಟೆದ್ದ ಸೊಸೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ದಕ್ಷಿಣ ಕನ್ನಡದ ಕಥೋಲಿಕ ಮನೆ. ಮದುವೆಯಾದ ಮೇಲೆ ಸೊಸೆ ಒಂದು ಪ್ರಾರ್ಥನಾ ಗುಂಪು ಸೇರಿ ಯೇಸುವಿನ ತಾಯಿ ಮರಿಯಮ್ಮನವರ ಹಬ್ಬಗಳನ್ನೆಲ್ಲ ಬಿಟ್ಟಿದ್ದಳು. ಸೆಪ್ಟೆಂಬರ್ 8, ಮೊಂತಿ ಫೆಸ್ತ್: ಮರಿಯಮ್ಮನವರ ಜನ್ಮದಿನ, ಹೊಸ ತೆನೆಯ ಹಬ್ಬವೂ ಹೌದು. ಅತ್ತೆ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ತೆನೆ ತಂದು, ಭತ್ತ ಸುಲಿದು, ಕಾಳನ್ನು ಹಾಲಿಗೆ ಹಾಕಿ ಎಲ್ಲರಿಗೂ ಹಂಚುತ್ತ ಬಂದರು. ಸೊಸೆ ಲೋಟ ಮುಟ್ಟಲಿಲ್ಲ. "ಇದು ವಿಗ್ರಹಾರಾಧನೆ, ದೇವರ ರಾಜ್ಯಕ್ಕೆ ಸೇರಿದ್ದಲ್ಲ" ಎಂದು ನೆಂಟರೆದುರೇ ಹೇಳಿ ಎದ್ದಳು. ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ಎರಡು ಅಡುಗೆ.

ಆಪ್ತಸಲಹೆಗೆಂದು ನನ್ನ ಬಳಿಗೆ ಅತ್ತೆ, ಸೊಸೆ ಇಬ್ಬರೂ ಬೈಬಲ್ ಹಿಡಿದೇ ಬಂದಿದ್ದರು. ಮಗ ಮಾತ್ರ ಬರಿಗೈ. "ನಾನು ಯಾರ ಪರವೂ ಮಾತಾಡಲಿಲ್ಲ ಮೇಡಂ, ಮನೆಯಲ್ಲಿ ಶಾಂತಿ ಇರಲಿ ಅಂತ" ಎಂದ. ನನ್ನ ಲೆಕ್ಕದಲ್ಲಿ ಆ ಮನೆಯ ದೊಡ್ಡ ತೊಂದರೆ ಅದೇ.

ಹಬ್ಬ ಸರಿಯೋ ತಪ್ಪೋ ಎಂದು ತೀರ್ಪು ಹೇಳುವುದು ಆಪ್ತಸಲಹೆಯ ಕೆಲಸವಲ್ಲ. ಬೈಬಲಿನಲ್ಲಿ ಪೌಲ ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಸೊಸೆಯ ಕೈಯಲ್ಲೇ ಓದಿಸಿದೆ. ರೋಮಿನ ವಿಶ್ವಾಸಿಗಳ ಜಗಳವೂ ಊಟದ್ದೇ: ಕೆಲವರು ಎಲ್ಲವನ್ನೂ ತಿನ್ನುವವರು, ಕೆಲವರು ಬರೀ ಕಾಯಿಪಲ್ಲೆಯವರು, ವಿಶೇಷ ದಿನಗಳ ಬಗೆಗೂ ತಕರಾರು. ಯಾವ ಆಹಾರವೂ ತನ್ನಷ್ಟಕ್ಕೆ ಅಶುದ್ಧವಲ್ಲವೆಂದೇ ಪೌಲ ನಂಬಿದ್ದ. ಆದರೂ ಎಲ್ಲರೂ ಒಂದೇ ಬಗೆಯಲ್ಲಿ ಉಣ್ಣಿರಿ ಎನ್ನಲಿಲ್ಲ. ತಿನ್ನುವವನು ತಿನ್ನದವನನ್ನು ಹೀಗಳೆಯಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು ಎಂದ. ದೇವರ ರಾಜ್ಯವೆಂದರೆ ಅನ್ನಪಾನವಲ್ಲ; ನೀತಿ, ಸಮಾಧಾನ, ಪವಿತ್ರಾತ್ಮನ ಆನಂದ ಎಂಬ 17ನೇ ವಚನ ಈ ಜಗಳದ ನಡುವೆಯೇ ಬಂದದ್ದು. ಓದುತ್ತ ಸೊಸೆ ಅಲ್ಲಿ ತಡೆದು, ಮತ್ತೊಮ್ಮೆ ಓದಿದಳು.

ಅವಳಿಗೆ ಹೇಳಿದ್ದು: ಮನಸ್ಸಾಕ್ಷಿ ಒಪ್ಪದ್ದನ್ನು ಕುಡಿಯಬೇಕಾಗಿಲ್ಲ. ಆದರೆ ಮುಂಚಿನ ದಿನವೇ ಅತ್ತೆಯೊಬ್ಬರಿಗೇ ತಿಳಿಸು. ಪಂಕ್ತಿಯಲ್ಲಿ ಬೋಧನೆ ಬೇಡ. ಅತ್ತೆಗೆ: ಒತ್ತಾಯದ ಲೋಟ ಬೇಡ, ಸೊಸೆಯ ಸುದ್ದಿಯನ್ನು ನೆಂಟರ ಮನೆಗೆ ಹೊರುವುದೂ ಬೇಡ. ಮಗನಿಗೆ ಸ್ವಲ್ಪ ಖಾರವಾಗಿಯೇ ಹೇಳಿದೆ. ಸಮಾಧಾನ ಪಡುವವರನ್ನಲ್ಲ, ಮಾಡುವವರನ್ನು ಯೇಸು ಧನ್ಯರೆಂದದ್ದು. ತಾಯಿ ನೊಂದದ್ದನ್ನು ಹೆಂಡತಿಗೂ ಹೆಂಡತಿಯ ಭಯವನ್ನು ತಾಯಿಗೂ ಹೇಳಬೇಕಾದವನು ಅವನೇ.

ಮುಂದಿನ ವರ್ಷದ ಹಬ್ಬಕ್ಕೆ ಸೊಸೆ ಅಲಸಂಡೆ ಪಲ್ಯ ಮಾಡಿ, ಎಲ್ಲರೊಡನೆ ಕೂತು ಉಂಡಳಂತೆ. ಹಾಲು ಹಂಚುವಾಗ ಅತ್ತೆ ಅವಳ ಲೋಟ ದಾಟಿ ಮುಂದೆ ಹೋದರಂತೆ. ಮಗು ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಅದಕ್ಕಾಗಿ ಮೂವರೂ ಮತ್ತೆ ಬರಲಿದ್ದಾರೆ.