ಗೇಮ್‌ನಲ್ಲಿ ಕಾರು ನಜ್ಜುಗುಜ್ಜಾಗಲು ಕಂಪನಿಗಳು ಯಾಕೆ ಬಿಡುವುದಿಲ್ಲ?

ಪ್ರಶ್ನೆ: ನಾನು ರೇಸಿಂಗ್ ಗೇಮ್ ತುಂಬಾ ಆಡುತ್ತೇನೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿದರೂ ಬಂಪರ್ ಮೇಲೆ ನಾಲ್ಕು ಗೀರು ಬೀಳುತ್ತವೆ, ಅಷ್ಟೇ. ಕಾರು ಕಂಪನಿಗಳು ಒಪ್ಪದಿರುವುದೇ ಇದಕ್ಕೆ ಕಾರಣ ಅಂತ ಗೆಳೆಯರು ಹೇಳುತ್ತಾರೆ. ನಿಜವೇ? ಇದು ಬರೀ ಗೇಮ್ ಅಲ್ವಾ, ಅವರಿಗೇನು ನಷ್ಟ?

ಉತ್ತರ: ಗೆಳೆಯರು ಹೇಳಿದ್ದು ಅರ್ಧ ನಿಜ.

ಕಾರಿನ ಹೆಸರು, ಲೋಗೋ, ಆಕಾರ ಎಲ್ಲದರ ಮೇಲೂ ಕಂಪನಿಗೆ ಹಕ್ಕು ಇರುತ್ತದೆ. ಅವನ್ನು ಗೇಮ್‌ನಲ್ಲಿ ಬಳಸಲು ಲೈಸೆನ್ಸ್ ಬೇಕು. ಈ ಹಕ್ಕು ಎಷ್ಟು ಗಟ್ಟಿ ಎಂಬುದಕ್ಕೆ ಪೋರ್ಷೆಯೇ ಸಾಕ್ಷಿ. 2016ರವರೆಗೆ ಅದರ ಲೈಸೆನ್ಸ್ ಇಎ ಎಂಬ ಗೇಮ್ ಕಂಪನಿಯ ಕೈಯಲ್ಲಿತ್ತು. ಹಾಗಾಗಿ ಎಷ್ಟೋ ಗೇಮ್‌ಗಳು ಪೋರ್ಷೆ ಬದಲು, ಪೋರ್ಷೆಯನ್ನೇ ಆಧರಿಸಿ ಕಾರು ಮಾಡುವ ಜರ್ಮನಿಯ ಆರ್‌ಯುಎಫ್ ಕಂಪನಿಯ ಕಾರುಗಳನ್ನು ಇಟ್ಟುಕೊಂಡು ಸುಮ್ಮನಾದವು. ಲೈಸೆನ್ಸ್ ಕೊಡುವವರು ಷರತ್ತನ್ನೂ ಹಾಕುತ್ತಾರೆ. ಕಾರು ಎಷ್ಟರ ಮಟ್ಟಿಗೆ ಹಾಳಾಗಬಹುದು ಎನ್ನುವುದೂ ಅದರಲ್ಲಿ ಸೇರಿರುತ್ತದೆ.

ಷರತ್ತು ಎಲ್ಲರದ್ದೂ ಒಂದೇ ಅಲ್ಲ. ಆದರೆ ಗೆರೆ ಬೀಳುವ ಜಾಗ ಹೆಚ್ಚು ಕಡಿಮೆ ಒಂದೇ: ಜನ ಕೂರುವ ಜಾಗ. ಬಂಪರ್ ನೇತಾಡಲಿ, ಗಾಜು ಬಿರುಕು ಬಿಡಲಿ, ಬಾನೆಟ್ ಮಡಚಲಿ, ಇದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಛಾವಣಿ ಕುಸಿಯುವುದು, ಬಾಗಿಲ ಪಕ್ಕದ ಕಂಬಗಳು ಬಾಗುವುದು, ಕಾರಿಗೆ ಬೆಂಕಿ ಹತ್ತುವುದು, ಡ್ರೈವರ್‌ಗೆ ಗಾಯವಾಗುವುದು, ಇವಕ್ಕೆ ಒಪ್ಪಿಗೆ ಸಿಗುವುದು ಬಹಳ ಕಷ್ಟ.

ಕಂಪನಿಗಳ ಭಯದಲ್ಲಿ ಹುರುಳಿಲ್ಲ ಅನ್ನಲಾಗದು. ಗೇಮ್‌ನ ಕಾರು ಮುರಿಯುವುದು ಕ್ರ್ಯಾಶ್ ಟೆಸ್ಟ್‌ನ ಲೆಕ್ಕದಲ್ಲಲ್ಲ, ಪ್ರೋಗ್ರಾಮರ್ ಬರೆದ ನಿಯಮದಂತೆ. ನಿಜವಾದ ಕಾರಿನ ಛಾವಣಿ ತಡೆದುಕೊಳ್ಳುವ ಹೊಡೆತಕ್ಕೆ ಗೇಮ್‌ನಲ್ಲಿ ಅದು ಕುಸಿದರೆ, ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಕುಸಿದ ಚಿತ್ರವೇ. ಜೊತೆಗೆ ಒಂದೇ ಗೇಮ್‌ನಲ್ಲಿ ಹತ್ತಾರು ಬ್ರ್ಯಾಂಡ್‌ಗಳಿರುತ್ತವೆ. ಪಕ್ಕದ ಬ್ರ್ಯಾಂಡಿಗಿಂತ ತನ್ನ ಕಾರು ಜಾಸ್ತಿ ಪುಡಿಯಾಗುವುದನ್ನು ಯಾರು ಒಪ್ಪುತ್ತಾರೆ?

ಆದರೂ ಕಂಪನಿಗಳು ಇಲ್ಲಿ ಒಂದು ಒಳ್ಳೆಯ ಅವಕಾಶ ಬಿಡುತ್ತಿವೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಿನ ಮುಂಭಾಗ ಮುದುಡಬೇಕೆಂದೇ ಮಾಡಿರುತ್ತಾರೆ. ಅದು ಮುದುಡುತ್ತಾ ಹೊಡೆತವನ್ನು ಹೀರಿಕೊಂಡರೆ ಒಳಗಿರುವ ಜೀವ ಉಳಿಯುತ್ತದೆ. ಮರ್ಸಿಡಿಸ್-ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನಿ ರೂಪಿಸಿದ ಈ ವಿನ್ಯಾಸ 1959ರಲ್ಲೇ ರಸ್ತೆಗೆ ಬಂತು. ಮೂತಿ ಪೂರ್ತಿ ಜಜ್ಜಿಹೋಗಿ ಒಳಗಿನ ಕೋಣೆ ಗಟ್ಟಿಯಾಗಿ ನಿಂತಿರುವುದನ್ನು ಗೇಮ್ ಸರಿಯಾಗಿ ತೋರಿಸಿದರೆ, ಸುರಕ್ಷತೆ ಬಗ್ಗೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಗೀರು ಮಾತ್ರ ಬೀಳುವ ಕಾರು ಹೊಸಬರಿಗೆ ವೇಗದ ಬಗ್ಗೆ ಸುಳ್ಳು ಹೇಳುತ್ತದೆ.

ಇನ್ನು ಉಳಿದರ್ಧ. ಎಲ್ಲ ತಪ್ಪನ್ನೂ ಕಾರು ಕಂಪನಿಗಳ ತಲೆಗೆ ಕಟ್ಟಬೇಡಿ. 2005ರ ಫೋರ್ಜಾ ಮೋಟರ್‌ಸ್ಪೋರ್ಟ್ ಗೇಮ್‌ನಲ್ಲೇ ನಿಜವಾದ ಬ್ರ್ಯಾಂಡ್‌ಗಳ ಕಾರುಗಳಿಗೆ ಪೆಟ್ಟು ಬೀಳುತ್ತಿತ್ತು. 2008ರ ಗ್ರಿಡ್‌ನಲ್ಲಂತೂ ಚಕ್ರವೇ ಕಿತ್ತುಬರುತ್ತಿತ್ತು. ಅದೇ ಗ್ರ್ಯಾನ್ ಟುರಿಸ್ಮೊ ನೋಡಿ. 1997ರಲ್ಲಿ ಶುರುವಾದ ಆ ಸರಣಿಯಲ್ಲಿ ಕಾರು ಜಜ್ಜುವುದು ಕಣ್ಣಿಗೆ ಕಂಡಿದ್ದು 2010ರ ಐದನೇ ಗೇಮ್‌ನಲ್ಲಿ. ಅದರಲ್ಲಿ ಸಾವಿರಕ್ಕೂ ಹೆಚ್ಚು ಕಾರುಗಳಿದ್ದವು. ಒಂದು ಕಾರು ಮುರಿಯುವುದನ್ನು ತೋರಿಸಬೇಕಾದರೆ ಬಾನೆಟ್ ಕೆಳಗಿನ ಭಾಗ, ಬಾಗಿಲ ಒಳಮೈ, ಬಿಡಿ ಬಿಡಿ ತಗಡು ಎಲ್ಲವನ್ನೂ ಬೇರೆಯಾಗಿ ರಚಿಸಬೇಕು. ಸಾವಿರ ಕಾರಿಗೆ ಆ ಕೆಲಸ ಸಣ್ಣದಲ್ಲ.

ಆಟಗಾರರ ವಿಷಯವೂ ಇದೆ. ಮೊದಲ ತಿರುವಿನಲ್ಲೇ ಯಾರೋ ಗುದ್ದಿ ನಿಮ್ಮ ಸ್ಟೀರಿಂಗ್ ಕೆಟ್ಟರೆ ರೇಸ್ ಅಲ್ಲಿಗೇ ಮುಗಿಯಿತು. ಹೆಚ್ಚಿನವರಿಗೆ ಅದು ಬೇಡ. ಗ್ರಿಡ್ ಅಷ್ಟು ಕಠಿಣವಾಗಿದ್ದಕ್ಕೇ ಆಟವನ್ನು ಕೆಲವು ಕ್ಷಣ ಹಿಂದಕ್ಕೆ ಓಡಿಸುವ ಸೌಲಭ್ಯವನ್ನೂ ಕೊಟ್ಟಿತು.

ಲೈಸೆನ್ಸ್ ಗೊಡವೆಯೇ ಬೇಡ ಅಂದುಕೊಂಡವರು ತಮ್ಮದೇ ಕಾರು ಕಟ್ಟಿಕೊಂಡರು. ಬರ್ನ್‌ಔಟ್, ರೆಕ್‌ಫೆಸ್ಟ್, ಬೀಮ್‌ಎನ್‌ಜಿ ಡ್ರೈವ್ ಮೂರರಲ್ಲೂ ಕಾಲ್ಪನಿಕ ಕಾರುಗಳೇ. ಬೀಮ್‌ಎನ್‌ಜಿಯಲ್ಲಿ ಪ್ರತಿ ಕಾರೂ ಬಿಂದುಗಳನ್ನು ಕಡ್ಡಿಗಳಿಂದ ಜೋಡಿಸಿದ ಒಂದು ಜಾಲ. ಗುದ್ದಿದಾಗ ಪ್ರತಿ ಕಡ್ಡಿಯ ಮೇಲೆ ಬಿದ್ದ ಬಲವನ್ನು ಲೆಕ್ಕ ಹಾಕುತ್ತದೆ. ಹಾಗಾಗಿ ಪ್ರತಿ ಅಪಘಾತವೂ ಬೇರೆಯೇ ಆಗಿ ಕಾಣುತ್ತದೆ. ನಿಮಗೆ ಬೇಕಿರುವುದು ಅದೇ ಆದರೆ ಅದನ್ನೇ ಆಡಿ.

ನಿಜವಾದ ಬ್ರ್ಯಾಂಡ್‌ಗಳೇ ಬೇಕೆಂದರೆ ಮೊದಲು ನಿಮ್ಮ ಗೇಮ್‌ನ ಸೆಟ್ಟಿಂಗ್ಸ್ ತೆರೆದು ಡ್ಯಾಮೇಜ್ ಆಯ್ಕೆ ಇದೆಯೇ ನೋಡಿ. ಫೋರ್ಜಾ ತರಹದ ಗೇಮ್‌ಗಳಲ್ಲಿ ಅದು ಕಾಸ್ಮೆಟಿಕ್‌ನಲ್ಲಿದ್ದರೆ ಪೆಟ್ಟು ಕಣ್ಣಿಗೆ ಮಾತ್ರ. ಸಿಮ್ಯುಲೇಶನ್‌ಗೆ ಬದಲಾಯಿಸಿದರೆ ಎಂಜಿನ್, ಸ್ಟೀರಿಂಗ್, ಬ್ರೇಕ್‌ಗೂ ಅದರ ಬಿಸಿ ತಟ್ಟುತ್ತದೆ.